ಮುರ್ಮಾನ್ಸ್ಕ್‌ನಲ್ಲಿ ಉಳಿಯೋಕೆ ಜಾಗ: ನಾನು ಆರಿಸಿಕೊಂಡ ರೀತಿ

ರಷ್ಯಾದ ಉತ್ತರದಲ್ಲಿರುವ ಮುರ್ಮಾನ್ಸ್ಕ್‌ಗೆ ಹೊರಟ ನಮ್ಮವರು ಮೊದಲು ಕೇಳುವುದು ಒಂದೇ: ಅರೋರಾ (ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ಕಾಣುವ ರೂಮ್ ಯಾವ ಹೋಟೆಲ್‌ನಲ್ಲಿ ಸಿಗುತ್ತೆ? ನಾನು ಹುಡುಕಲು ಕೂತಾಗ ಮೊದಲು ಪಕ್ಕಕ್ಕಿಟ್ಟಿದ್ದೇ ಈ ಪ್ರಶ್ನೆಯನ್ನು. ಇದು ಎರಡೂವರೆ ಲಕ್ಷಕ್ಕೂ ಜಾಸ್ತಿ ಜನ ಇರುವ ಊರು. ಆರ್ಕ್ಟಿಕ್ ವೃತ್ತದ ಒಳಗೆ ಇದಕ್ಕಿಂತ ದೊಡ್ಡ ಊರು ಇನ್ನೊಂದಿಲ್ಲ. ಬಂದರಿನ ದೀಪ, ಬೀದಿ ದೀಪ, ಹಿಮದ ಮೇಲೆ ಬಿದ್ದು ಚದುರುವ ಬೆಳಕು, ಎಲ್ಲ ಸೇರಿ ಆಕಾಶ ಮಂಕಾಗಿರುತ್ತದೆ. ತುಂಬಾ ಜೋರಾದ ಅರೋರಾ ಇದ್ದ ದಿನ ಮಾತ್ರ ಊರೊಳಗಿಂದ ಕಾಣುತ್ತದೆ. ಉಳಿದ ದಿನ ರಾತ್ರಿ ಒಂಬತ್ತು, ಹತ್ತರ ಹೊತ್ತಿಗೆ ಅರೋರಾ ತೋರಿಸುವವರ ವ್ಯಾನ್ ಹತ್ತಬೇಕು. ಮೋಡ ಇಲ್ಲದ ಜಾಗ ಹುಡುಕಿಕೊಂಡು ಊರಾಚೆ ಹೋಗಬೇಕು. ವಾಪಸ್ ಬರುವಷ್ಟರಲ್ಲಿ ಬೆಳಗಿನ ಜಾವ ಎರಡೋ ಮೂರೋ ಗಂಟೆ ಆಗಿರುತ್ತದೆ.

ಹಾಗಾಗಿ ನನಗೆ ಬೇಕಿದ್ದದ್ದು ಬೇರೆ. ಮಧ್ಯರಾತ್ರಿ ಕಳೆದ ಮೇಲೂ ಬಾಗಿಲು ತೆಗೆಯಬೇಕು. ವ್ಯಾನ್ ಬಾಗಿಲ ಹತ್ತಿರವೇ ಬಂದು ನಿಲ್ಲಬೇಕು. ಬೆಳಿಗ್ಗೆ ತಡವಾಗಿ ಎದ್ದರೂ ಹೊಟ್ಟೆಗೆ ಏನಾದರೂ ಸಿಗಬೇಕು. ಜೊತೆಗೆ ಅಪ್ಪ ಅಮ್ಮ ಇದ್ದರು. ಅಮ್ಮನಿಗೆ ಮಂಡಿ ನೋವು.

ಈ ಮಂಡಿ ನೋವೇ ಅರ್ಧ ತೀರ್ಮಾನ ಮಾಡಿತು. ಮುರ್ಮಾನ್ಸ್ಕ್ ಕೋಲಾ ಕೊಲ್ಲಿಯ ದಡದಿಂದ ಗುಡ್ಡದ ಮೇಲಕ್ಕೆ ಹಂತ ಹಂತವಾಗಿ ಬೆಳೆದ ಊರು. ನಕ್ಷೆಯಲ್ಲಿ ಐನೂರು ಮೀಟರ್ ಅಂತ ಕಾಣುವುದು ಅಲ್ಲಿ ಉದ್ದನೆಯ ಮೆಟ್ಟಿಲ ಸಾಲಾಗಿರಬಹುದು. ಚಳಿಗಾಲದಲ್ಲಿ ಅದರ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ. ಬುಕ್ ಮಾಡುವ ಮುಂಚೆ ಯಾಂಡೆಕ್ಸ್ ನಕ್ಷೆಯಲ್ಲಿ (ಗೂಗಲ್ ಮ್ಯಾಪ್‌ನಂಥ ರಷ್ಯಾದ್ದು) ರಸ್ತೆ ಮಟ್ಟದ ಫೋಟೋಗಳನ್ನು ತೆರೆದು, ಬಸ್ ನಿಲ್ದಾಣದಿಂದ ಹೋಟೆಲ್ ಬಾಗಿಲವರೆಗೆ ಪೂರ್ತಿ ದಾರಿ ನೋಡಿದೆ. ಕಡಿಮೆ ಬೆಲೆಯ ಎಷ್ಟೋ ಮನೆಗಳು ಅಲ್ಲೇ ಪಟ್ಟಿಯಿಂದ ಬಿಟ್ಟುಹೋದವು. ಸೋವಿಯತ್ ಕಾಲದ ಐದು ಮಹಡಿಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಲಿಫ್ಟ್ ಇರುವುದಿಲ್ಲ. ಲಿಫ್ಟ್ ಇದೆಯಾ, ಎಷ್ಟನೇ ಮಹಡಿ ಅಂತ ಪ್ರತಿ ಕಡೆಯೂ ರಷ್ಯನ್‌ಗೆ ಅನುವಾದಿಸಿ ಬರೆದು ಕೇಳಿದೆ.

ಕೊನೆಗೆ ಉಳಿದದ್ದು ಊರ ನಡುವಿನ ಪ್ಯಾತ್ ಉಗ್ಲೋವ್ ಚೌಕದ ಸುತ್ತಮುತ್ತಲಿನ ಜಾಗ, ಲೆನಿನ್ ರಸ್ತೆಯ ಎರಡೂ ಬದಿ. ಇಲ್ಲಿ ನಡೆಯುವ ದಾರಿ ಬಹುಮಟ್ಟಿಗೆ ಸಮತಟ್ಟು. ರೈಲು ನಿಲ್ದಾಣ ಹತ್ತಿರ. ಅದರಾಚೆ ಕೆಳಗಿಳಿದರೆ ಬಂದರಿನಲ್ಲಿ ಲೆನಿನ್ ಹಡಗು ನಿಂತಿದೆ. 1959ರಲ್ಲಿ ಕೆಲಸ ಶುರು ಮಾಡಿದ, ಜಗತ್ತಿನ ಮೊದಲ ಅಣುಶಕ್ತಿಯ ಐಸ್‌ಬ್ರೇಕರ್ (ಸಮುದ್ರದ ಮಂಜುಗಡ್ಡೆ ಒಡೆದು ದಾರಿ ಮಾಡುವ ಹಡಗು) ಅದು. ಈಗ ಮ್ಯೂಸಿಯಂ. ಎರಡನೇ ಮಹಾಯುದ್ಧದ ಸೈನಿಕರ ನೆನಪಿನ ಅಲ್ಯೋಶಾ ಸ್ಮಾರಕ ಮಾತ್ರ ಉತ್ತರದ ಗುಡ್ಡದ ಮೇಲಿದೆ. ಅದಕ್ಕೆ ಟ್ಯಾಕ್ಸಿ ಮಾಡಿದರಾಯಿತು, ಅದಕ್ಕೋಸ್ಕರ ಆ ಕಡೆ ಉಳಿಯಬೇಕಾಗಿಲ್ಲ.

ಊರ ನಡುವೆ ಇರಬೇಕು ಅನ್ನೋದಕ್ಕೆ ಇನ್ನೂ ದೊಡ್ಡ ಕಾರಣ ಕತ್ತಲು. ಡಿಸೆಂಬರ್ 2ರ ಸುಮಾರಿಗೆ ಮುಳುಗಿದ ಸೂರ್ಯ ಮತ್ತೆ ಹುಟ್ಟುವುದು ಜನವರಿ 11ರ ಹೊತ್ತಿಗೆ. ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಮಬ್ಬು ಬೆಳಕು ಬರುತ್ತದೆ, ಅಷ್ಟೇ. ಇಂಥ ದಿನಗಳಲ್ಲಿ ಊರಂಚಿನ ರೂಮ್‌ನಲ್ಲಿ ಕೂತರೆ ಮನಸ್ಸು ಕುಗ್ಗುತ್ತೆ. ಕೆಳಗಿಳಿದರೆ ದೀಪ, ಅಂಗಡಿ, ಕಾಫಿ, ಓಡಾಡುವ ಜನ ಇರಬೇಕು. ಅಪ್ಪ ಒಬ್ಬರೇ ಒಂದು ಸುತ್ತು ಹೋಗಿಬರುವಂತೆ ಇರಬೇಕು. ಬೆಲೆಗಿಂತ ಇದಕ್ಕೆ ನಾನು ಜಾಸ್ತಿ ತೂಕ ಕೊಟ್ಟೆ. ಈಗಲೂ ಅದೇ ಸರಿ ಅನ್ನಿಸುತ್ತದೆ.

ಹೋಟೆಲ್ಲೋ ಅಪಾರ್ಟ್‌ಮೆಂಟೋ? ನಾವು ಸಸ್ಯಾಹಾರಿಗಳು. ಮೀನಿನ ಬಂದರಲ್ಲಿ ಮೂರು ಹೊತ್ತೂ ಹೊರಗೆ ತಿನ್ನುವುದು ಕಷ್ಟ, ಅಡುಗೆಮನೆ ಬೇಕೇ ಬೇಕಿತ್ತು. ಆದರೆ ವಿದೇಶಿಯರು ಒಂದೇ ಊರಲ್ಲಿ ಏಳು ಕೆಲಸದ ದಿನಕ್ಕಿಂತ ಹೆಚ್ಚು ಉಳಿದರೆ ವಿಳಾಸ ನೋಂದಣಿ ಆಗಬೇಕು. ಅದನ್ನು ಉಳಿಯಲು ಜಾಗ ಕೊಟ್ಟವರೇ ಮಾಡಬೇಕು. ಹೋಟೆಲ್‌ನವರು ಎಷ್ಟು ದಿನ ಇದ್ದರೂ ಪಾಸ್‌ಪೋರ್ಟ್, ಮೈಗ್ರೇಷನ್ ಕಾರ್ಡ್ (ದೇಶದೊಳಗೆ ಬರುವಾಗ ಕೊಡುವ ಚೀಟಿ) ನೋಡಿ ತಾವೇ ಮುಗಿಸುತ್ತಾರೆ. ಖಾಸಗಿ ಮನೆ ಕೊಡುವವರು ಕೆಲವರು ಈ ಕೆಲಸ ಬೇಡ ಅನ್ನುತ್ತಾರೆ. ನನಗೆ ಹಾಗೆ ನೇರವಾಗಿ ಹೇಳಿದವರೂ ಸಿಕ್ಕರು. ಅದಕ್ಕೇ ಎರಡರ ನಡುವಿನದನ್ನು ಹಿಡಿದೆ. ಲೆನಿನ್ ರಸ್ತೆಯ ಹಿಂಬದಿಯ ಒಂದು ಸಣ್ಣ ಅಪಾರ್ಟ್‌ಮೆಂಟ್ ಹೋಟೆಲ್. ರಿಸೆಪ್ಷನ್ ಇತ್ತು, ಕಾಗದ ಅವರೇ ಮಾಡಿಕೊಟ್ಟರು, ರೂಮ್‌ನಲ್ಲಿ ಒಲೆ, ಫ್ರಿಜ್, ಕೆಟಲ್ ಇದ್ದವು. ಪಕ್ಕದ ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ಆಲೂಗಡ್ಡೆ, ಎಲೆಕೋಸು, ಕೆಫೀರ್ (ಮಜ್ಜಿಗೆಯಂಥ ಹುಳಿ ಹಾಲು) ಸಿಕ್ಕವು. ಸಾರಿನ ಪುಡಿ ಮನೆಯಿಂದ ಒಯ್ದಿದ್ದೆವು. ಕೆಫೀರ್ ಹಾಕಿದ ಮೊಸರನ್ನ ಅಪ್ಪನಿಗೆ ತುಂಬಾ ಹಿಡಿಸಿತು.

ದುಡ್ಡಿನ ವಿಷಯ. 2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕ್‌ಗಳ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡ್‌ಗಳು ರಷ್ಯಾದಲ್ಲಿ ನಡೆಯುವುದಿಲ್ಲ. ಬುಕಿಂಗ್ ಡಾಟ್ ಕಾಮ್‌ನಲ್ಲೂ ಅಲ್ಲಿನ ರೂಮ್ ಸಿಗುವುದಿಲ್ಲ. ಬಂದಮೇಲೆ ನಗದು ಕೊಟ್ಟರೆ ಸಾಕು ಅನ್ನುವವರನ್ನೇ ಹುಡುಕಿದೆ, ಒಪ್ಪಿದ್ದನ್ನು ಮೆಸೇಜ್‌ನಲ್ಲಿ ಬರೆಸಿಕೊಂಡೆ. ಮಡಿಕೆಯಿಲ್ಲದ ಹೊಸ ಡಾಲರ್ ನೋಟು ಒಯ್ದು ಅಲ್ಲೇ ರೂಬಲ್ ಮಾಡಿಸಿದೆವು.

ಚಳಿಯ ಬಗ್ಗೆ ಹೆದರಬೇಡಿ, ರೂಮ್ ಒಳಗೆ ಸೆಖೆಯೇ ಜಾಸ್ತಿ. ಇಡೀ ಊರಿಗೆ ಬಿಸಿನೀರು ಹರಿಸುವ ವ್ಯವಸ್ಥೆ ಇದೆ, ಹಳೇ ಕಟ್ಟಡಗಳಲ್ಲಿ ರೇಡಿಯೇಟರ್ (ಆ ಬಿಸಿನೀರು ಹರಿದು ರೂಮ್ ಬೆಚ್ಚಗಿಡುವ ಕಬ್ಬಿಣದ ಪೈಪುಗಳು) ಬಿಸಿ ತಗ್ಗಿಸಲು ಆಗುವುದಿಲ್ಲ. ತೆರೆಯಲು ಬರುವ ಕಿಟಕಿ ಇದೆಯಾ ಅಂತ ಕೇಳಿಕೊಳ್ಳಿ. ಒದ್ದೆ ಗ್ಲೌಸು, ಸಾಕ್ಸು ಮಾತ್ರ ರೇಡಿಯೇಟರ್ ಮೇಲೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತವೆ. ಬೇಸಿಗೆಯಲ್ಲಿ ಹೋಗುವವರು ಕೇಳಬೇಕಾದ್ದು ದಪ್ಪ ಪರದೆ. ಮೇ ಕೊನೆಯಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ, ಅಲ್ವಾ?

ಸುಮಾರು 120 ಕಿಲೋಮೀಟರ್ ದೂರದ ತೆರಿಬೆರ್ಕಾದಲ್ಲೂ ಒಂದು ರಾತ್ರಿ ಉಳಿಯುವ ಆಸೆ ಇದ್ದರೆ ಖಂಡಿತ ಉಳಿಯಿರಿ. ಸಮುದ್ರದ ದಡ, ದೀಪ ಕಡಿಮೆ, ಆಕಾಶ ಚೆನ್ನಾಗಿ ಕಾಣುತ್ತದೆ. ಆದರೆ ಹಿಮಗಾಳಿ ಎದ್ದರೆ ಆ ರಸ್ತೆ ಮುಚ್ಚುತ್ತಾರೆ, ಯಾವಾಗ ತೆರೆಯುತ್ತಾರೋ ಹೇಳಲಾಗದು. ಅದನ್ನು ಪ್ರವಾಸದ ಮಧ್ಯಕ್ಕೆ ಇಟ್ಟುಕೊಳ್ಳಿ. ವಿಮಾನದ ಹಿಂದಿನ ರಾತ್ರಿ ಮುರ್ಮಾನ್ಸ್ಕ್‌ನಲ್ಲೇ ಇರಿ. ಏರ್‌ಪೋರ್ಟ್ ಇರುವ ಮುರ್ಮಾಶಿ ಊರ ಹೊರಗಿದೆ, ಟ್ಯಾಕ್ಸಿಯನ್ನು ಹೋಟೆಲ್‌ನವರಿಂದಲೇ ಹೇಳಿಸಿಡಿ.