ಎಂಜಿ ಟಿಡಿಯ ಜೋಡಿ ಎಸ್‌ಯು ಕಾರ್ಬುರೇಟರ್: ನಾನು ಬ್ಯಾಲೆನ್ಸ್ ಮಾಡಿದ ರೀತಿ

ನನ್ನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿ ಟಿಡಿಯ ಎರಡು ಎಸ್‌ಯು ಕಾರ್ಬುರೇಟರ್‌ಗಳನ್ನು (ಇಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಭಾಗ) ಸಮಕ್ಕೆ ತರೋದು ಆಗಲ್ಲ ಅಂತ ಬೆಂಗಳೂರಿನಲ್ಲಿ ನನಗೆ ಹೇಳದವರೇ ಇಲ್ಲ. ಜೆಸಿ ರೋಡಿನ ಹಳೇ ಮೇಸ್ತ್ರಿಯೊಬ್ಬರು "ಸಾರ್, ಸುಮ್ನೆ ಯಾಕೆ ದುಡ್ಡು ಕಳೀತೀರಾ, ಅಂಬಾಸಿಡರ್‌ದು ಒಂದು ಎಸ್‌ಯು ಕೂರಿಸಿಬಿಡಿ" ಅಂದರು. ಹಳೇ ಕಾರು ಇಟ್ಟುಕೊಂಡಿರುವ ಗೆಳೆಯರು ವೆಬರ್ ಅನ್ನುವ ಬೇರೆ ಕಂಪನಿಯ ಕಾರ್ಬುರೇಟರ್ ಹಾಕಿಸು ಅಂದರು. ಅದಕ್ಕೆ ಮ್ಯಾನಿಫೋಲ್ಡ್ ಸೇರಿ ಲಕ್ಷದ ಮೇಲೆ. ಎರಡೂ ಬೇಡ ಅಂದೆ. ಈ ಕಾರು ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆ ಬಿಟ್ಟಾಗ ಅದರ 1250 ಸಿಸಿ ಇಂಜಿನ್ ಮೇಲೆ ಇದ್ದದ್ದು ಒಂದೂಕಾಲು ಇಂಚಿನ ಎಸ್‌ಯು ಎಚ್2 ಜೋಡಿ. ಅದೇ ಇರಬೇಕು. ಈಗ ಅದೇ ಇದೆ, ಸ್ಲೋ (ಆಕ್ಸಿಲರೇಟರ್ ಒತ್ತದಿರುವಾಗಿನ ಇಂಜಿನ್ ವೇಗ) 800 ಆರ್‌ಪಿಎಂ ಆಸುಪಾಸಿನಲ್ಲಿ ಅಲುಗದೆ ನಿಲ್ಲುತ್ತದೆ, ಅನುಮಾನಪಟ್ಟವರೆಲ್ಲ ಬಂದು ಕೇಳಿಸಿಕೊಂಡು ಹೋಗಿದ್ದಾರೆ.

ಟ್ಯಾಪೆಟ್ (ವಾಲ್ವ್ ಸಂದು), ಪಾಯಿಂಟ್, ಟೈಮಿಂಗ್ (ಕಿಡಿ ಹಾರುವ ಹೊತ್ತು) ಮೊದಲು ಸರಿ ಇರಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದೇ ಮಾತು: ಟಿಡಿಯಲ್ಲಿ ಟ್ಯಾಪೆಟ್ ಸಂದು ಹಳೇ ಕ್ಯಾಮ್‌ಗೆ (ವಾಲ್ವ್ ಎತ್ತುವ ಶಾಫ್ಟ್) 19 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಆಮೇಲೆ ಬಂದ ಕ್ಯಾಮ್‌ಗೆ 12 ಥೌ. ಯಾವ ಕ್ಯಾಮ್ ಅಂತ ನೋಡದೆ ಸಂದು ಅಳೆಯುವ ಫೀಲರ್ ಹಿಡಿಯಬೇಡಿ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಥ್ರಾಟಲ್ ಸ್ಪಿಂಡಲ್, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ಡಿಸ್ಕ್ ಕೂತಿರುವ ಕಡ್ಡಿ. ಎಪ್ಪತ್ತು ವರ್ಷ ತಿರುಗಿದ ಸ್ಪಿಂಡಲ್ ಅಲ್ವಾ, ಬಾಡಿಯ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಇಂಜಿನ್ ಓಡುವಾಗ ಸ್ಪಿಂಡಲ್ ತುದಿಗೆ ಕಾರ್ಬ್ ಕ್ಲೀನರ್ ಹೊಡೆದರೆ ಆರ್‌ಪಿಎಂ ಥಟ್ಟನೆ ಬದಲಾಗುತ್ತಿತ್ತು, ಅಂದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ. ಹೀಗೆ ಗಾಳಿ ಎಳೆಯುವ ಕಾರ್ಬನ್ನು ಯಾರೇ ಬಂದರೂ ಬ್ಯಾಲೆನ್ಸ್ ಮಾಡಲಾರರು. ಬೆಳಿಗ್ಗೆ ಸೆಟ್ ಮಾಡಿದ್ದು ಸಂಜೆಗೆ ಇರಲ್ಲ. ಮೊದಲು ಕೊಟ್ಟ ಲೇತ್ ಅಂಗಡಿಯವರು ಸವೆದ ತೂತಿಗೆ ಹಾಕುವ ಬುಷ್‌ನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದ್ದರು, ಥ್ರಾಟಲ್ ಡಿಸ್ಕ್ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ದುಡ್ಡೂ ಹೋಯಿತು, ಬುಷ್ಷೂ ಹೋಯಿತು. ಆಮೇಲೆ ಪೀಣ್ಯದಲ್ಲಿ ಎರಡೂ ಕಡೆಯ ತೂತನ್ನು ಒಂದೇ ಸಲ, ಒಂದೇ ನೇರದಲ್ಲಿ ರೀಮರ್ ಹೊಡೆಯುವವರು ಸಿಕ್ಕರು. ಹೊಸ ಸ್ಪಿಂಡಲ್ ಇಂಗ್ಲೆಂಡಿನಿಂದ ತರಿಸಿದೆ. ಆ ದಿನವೇ ಅರ್ಧ ಕಾಯಿಲೆ ವಾಸಿಯಾಯಿತು.

ಇನ್ನೊಂದು ತೊಂದರೆ ಹಿಂದಿನ ಮಾಲೀಕರ ಕಾಲದ್ದು. ಯಾರೋ ಎರಡೂ ಕಾರ್ಬನ್ನು ಒಟ್ಟಿಗೆ ಬಿಚ್ಚಿ, ಮುಂದಿನ ಕಾರ್ಬ್‌ನ ಪಿಸ್ಟನ್ನನ್ನು (ಗಾಳಿಯ ಎಳೆತಕ್ಕೆ ಏರಿಳಿಯುವ ಭಾಗ) ಹಿಂದಿನದರ ಡ್ಯಾಶ್‌ಪಾಟ್‌ಗೆ (ಪಿಸ್ಟನ್ ಓಡಾಡುವ ಮೇಲಿನ ಡಬ್ಬಿ) ಹಾಕಿದ್ದರು. ಇವು ಜೋಡಿಯಾಗಿಯೇ ಕೂರಿಸಿದವು, ಅದಲು ಬದಲು ಮಾಡಿದರೆ ಒಂದು ಧಡ್ಡನೆ ಬೀಳುತ್ತದೆ, ಇನ್ನೊಂದು ತೆವಳುತ್ತದೆ. ವಾಪಸ್ ಬದಲಾಯಿಸಿದ ಮೇಲೆ ಎರಡೂ ಒಂದೇ ಹೊತ್ತಿಗೆ ಕೆಳಗಿಳಿದವು. ಒಳಗೆ ಎಮರಿ ಪೇಪರ್ ಹಾಕಿ ಉಜ್ಜುವವರನ್ನು ಡ್ಯಾಶ್‌ಪಾಟ್ ಹತ್ತಿರವೂ ಬಿಡಬೇಡಿ. ಬಟ್ಟೆ ಮತ್ತು ಪೆಟ್ರೋಲ್ ಸಾಕು.

ಜೆಟ್ (ಪೆಟ್ರೋಲ್ ಬರುವ ಸಣ್ಣ ಕೊಳವೆ) ಕೆಳಗಿನ ಕಾರ್ಕ್ ಸೀಲ್ ವಿಷಯ. ಗಾಡಿ ಎರಡು ವಾರ ನಿಂತರೆ ಕಾರ್ಕ್ ಒಣಗಿ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಎಣ್ಣೆಯಲ್ಲಿ ನೆನೆಸಿ ಹಾಕಿದರೂ ಅಷ್ಟೇ. ಈಗ ವಿಟಾನ್ ರಬ್ಬರಿನ ಒ-ರಿಂಗ್ ಹಾಕಿದ್ದೇನೆ, ಒಂದು ಹನಿಯೂ ಇಲ್ಲ. ಇ20 ಪೆಟ್ರೋಲಿಗೂ (ಶೇಕಡಾ 20 ಎಥನಾಲ್ ಬೆರೆತದ್ದು) ಅದೇ ಒಳ್ಳೇದು. 2023ರ ಫೆಬ್ರವರಿಯಲ್ಲಿ ಇ20 ಬಿಡುಗಡೆ ಆಗಿದ್ದು ನಮ್ಮ ಬೆಂಗಳೂರಿನಲ್ಲೇ, ಈಗ ಅದನ್ನು ಬಿಟ್ಟರೆ ಬೇರೆ ಸಿಗೋದೇ ಕಷ್ಟ. ಎಥನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು. ಹಳೇ ಮ್ಯಾನ್ಯುವಲ್ ಹೇಳಿದಷ್ಟಕ್ಕೇ ಜೆಟ್ ನಿಲ್ಲಿಸಿದರೆ ಇಂಜಿನ್ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಓಡುತ್ತದೆ. ನನ್ನದರಲ್ಲಿ ಸುಮಾರು ಎರಡು ಫ್ಲಾಟ್ (ಜೆಟ್ ನಟ್‌ನ ಒಂದು ಮುಖದಷ್ಟು ತಿರುವು ಒಂದು ಫ್ಲಾಟ್) ಜಾಸ್ತಿ ಕೆಳಗೆ ಇಳಿಸಿದ್ದೇನೆ.

ಈಗ ಬ್ಯಾಲೆನ್ಸ್, ಅಂದರೆ ಎರಡೂ ಕಾರ್ಬ್ ಒಂದೇ ಅಳತೆ ಗಾಳಿ ಎಳೆಯುವ ಹಾಗೆ ಮಾಡೋದು. ಏಳು ಸಾವಿರ ಕೊಟ್ಟು ಏರ್ ಫ್ಲೋ ಮೀಟರ್ ತರಿಸಿದ್ದೆ. ಸ್ಲೋನಲ್ಲಿ ಅದನ್ನು ಕಾರ್ಬ್ ಬಾಯಿಗೆ ಒತ್ತಿದ ಕೂಡಲೇ ಗಾಳಿ ಕಟ್ಟಿ ಇಂಜಿನ್ ಮಂಕಾಗುತ್ತಿತ್ತು. ಜೊತೆಗೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಕ್ರಮ) 1-3-4-2 ಅಲ್ವಾ, ಮುಂದಿನ ಕಾರ್ಬ್ 1 ಮತ್ತು 2ಕ್ಕೆ, ಹಿಂದಿನದು 3 ಮತ್ತು 4ಕ್ಕೆ. ಅಂದರೆ ಒಂದೊಂದು ಕಾರ್ಬೂ ಎರಡು ಸಲ ಬೆನ್ನುಬೆನ್ನಿಗೆ ಎಳೆದು ಆಮೇಲೆ ಸುಮ್ಮನಿರುತ್ತದೆ. ಮೀಟರ್ ಕುಣಿಯದೆ ಇನ್ನೇನು ಮಾಡೀತು. ಅದನ್ನು ಪಕ್ಕಕ್ಕಿಟ್ಟು, ಮೀನಿನ ತೊಟ್ಟಿಗೆ ಹಾಕುವ ಪ್ಲಾಸ್ಟಿಕ್ ಪೈಪ್ ತಂದೆ, ಮೂವತ್ತೋ ನಲವತ್ತೋ ರೂಪಾಯಿ. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ ಬಾಯಿಯ ಒಳಗೆ, ಎರಡರಲ್ಲೂ ಅದೇ ಜಾಗಕ್ಕೆ. ಎರಡೂ ಸ್ಪಿಂಡಲ್ ಜೋಡಿಸುವ ನಡುವಿನ ಕಪ್ಲಿಂಗ್ ಸಡಿಲ ಮಾಡಿ, ಎರಡೂ ಸ್ಲೋ ಸ್ಕ್ರೂ ತಿರುಗಿಸುತ್ತಾ ಸುಯ್ ಅನ್ನುವ ಸದ್ದು ಒಂದೇ ಆಗುವವರೆಗೆ ಬಿಡಬೇಡಿ. ಆಮೇಲೆ ಪಿಸ್ಟನ್ ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ, ಇಂಜಿನ್ ಸದ್ದು ಕೇಳಿ ಜೆಟ್ ಸರಿ ಇದೆಯಾ ನೋಡಿ, ಆಮೇಲೆ ಮತ್ತೆ ಗಾಳಿ ಸಮ ಇದೆಯಾ ನೋಡಿ.

ಇಲ್ಲಿಗೆ ಕೆಲಸ ಮುಗಿಯಿತು ಅಂತ ಎಲ್ಲರೂ ಬೋನೆಟ್ ಮುಚ್ಚುತ್ತಾರೆ. ನಾನು ಕಂಡಂತೆ ಜೋಡಿ ಕಾರ್ಬ್ ಕೈಕೊಡುವುದು ಇದರ ಮುಂದೆ. ಸ್ಲೋನಲ್ಲಿ ಸಮ ಇದ್ದ ಗಾಡಿ 1500 ದಾಟಿದ ಕೂಡಲೇ ಜಗ್ಗುತ್ತಿತ್ತು, ಜೋಡಿ ಎತ್ತಿನಲ್ಲಿ ಒಂದು ಮೊದಲು ಹೆಜ್ಜೆ ಹಾಕಿದ ಹಾಗೆ. ಕಾರಣ ಕಪ್ಲಿಂಗ್. ಬಿಗಿ ಮಾಡುವಾಗ ಅದು ಶಾಫ್ಟನ್ನು ಸ್ವಲ್ಪ ತಿರುಚುತ್ತದೆ, ಒಂದು ಡಿಸ್ಕ್ ಮೊದಲು ತೆರೆದುಕೊಳ್ಳುತ್ತದೆ. ಇದನ್ನು ಕಣ್ಣಲ್ಲಿ ನೋಡಲು ಎರಡು ಸೈಕಲ್ ಸ್ಪೋಕ್ ಒಂದೇ ಉದ್ದಕ್ಕೆ ಕತ್ತರಿಸಿ, ಬಗ್ಗಿಸಿ, ಡ್ಯಾಂಪರ್ (ಎಣ್ಣೆಯಲ್ಲಿ ಮುಳುಗಿ ಪಿಸ್ಟನ್ ಏರಿಕೆಯನ್ನು ನಿಧಾನ ಮಾಡುವ ಕಡ್ಡಿ) ತೆಗೆದು ಆ ಜಾಗದಲ್ಲಿ ಇಟ್ಟೆ, ತುದಿಗಳು ಎದುರುಬದುರು. ಆಕ್ಸಿಲರೇಟರ್ ನಿಧಾನಕ್ಕೆ ಒತ್ತಿದರೆ ಪಿಸ್ಟನ್ ಏರುವುದು ತುದಿಯಲ್ಲಿ ಕಾಣುತ್ತದೆ. ಹಿಂದಿನದು ತಡವಾಗಿ ಏಳುತ್ತಿತ್ತು. 1500ರಲ್ಲಿ ಒಂದು ಸಲ, 2000ದಲ್ಲಿ ಇನ್ನೊಂದು ಸಲ ಎರಡೂ ತುದಿ ಒಂದೇ ಎತ್ತರಕ್ಕೆ ಬರುವ ಹಾಗೆ ಕಪ್ಲಿಂಗ್ ಸರಿ ಮಾಡಿದೆ. ಆ ಸ್ಕ್ರೂ ಬಿಗಿ ಮಾಡುವಾಗ ಶಾಫ್ಟ್ ತಿರುಚದಂತೆ ಹಿಡಿಯಲು ನಾನೊಂದು ಸಣ್ಣ ಸಾಧನ ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ. ಡ್ಯಾಂಪರ್‌ಗೆ ಹಾಕುವ ಎಣ್ಣೆಯ ಮಿಶ್ರಣವನ್ನೂ ಹೇಳಲ್ಲ. ಹೊಲಿಗೆ ಮೆಷಿನ್ ಎಣ್ಣೆ ತೀರಾ ತೆಳು, 20 ಗ್ರೇಡ್ ಸುತ್ತಮುತ್ತ ಇರಬೇಕು, ಅಷ್ಟು ಸಾಕು.

ಮಧ್ಯೆ ಜೆಟ್‌ನೊಳಗೆ ಇಳಿಯುವ ಇಎಸ್ ಸೂಜಿ ತೆಗೆದು, ಪೆಟ್ರೋಲ್ ಜಾಸ್ತಿ ಬಿಡುವ ರಿಚ್ ಇಎಂ ಸೂಜಿ ಹಾಕಿಯೂ ನೋಡಿದೆ. ತುಮಕೂರು ರೋಡಿನಲ್ಲಿ ಚೆನ್ನಾಗಿ ಎಳೆಯಿತು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಪ್ಲಗ್ ಮಸಿ ಹಿಡಿಯಿತು. ವಾಪಸ್ ಇಎಸ್. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದಾಗ ಇನ್ನೊಂದು ನೋಡಿದೆ. ಇಲ್ಲಿ ನಾವು 900 ಮೀಟರ್ ಎತ್ತರದಲ್ಲಿದ್ದೇವೆ, ಅಲ್ಲಿ ಗಾಳಿ ದಟ್ಟ, ಹಾಗಾಗಿ ಇಲ್ಲಿ ಸರಿ ಇದ್ದದ್ದು ಅಲ್ಲಿ ಲೀನ್. ಪ್ಲಗ್ ಬಿಚ್ಚಿದರೆ ಬಿಳಿಚಿಕೊಂಡಿತ್ತು. ಎರಡೂ ಜೆಟ್ ಒಂದೊಂದು ಫ್ಲಾಟ್ ಇಳಿಸಿದೆ, ಕಂದು ಬಣ್ಣ ಬಂತು. ಘಾಟಿ ಹತ್ತಿ ಬಂದ ಮೇಲೆ ಮತ್ತೆ ಏರಿಸಿದೆ. ಎರಡನ್ನೂ ಒಂದೇ ಅಳತೆಗೆ ತಿರುಗಿಸಿದರೆ ಬ್ಯಾಲೆನ್ಸ್ ಕೆಡಲ್ಲ ಅನ್ನುವುದು ಅಲ್ಲಿ ಖಾತ್ರಿಯಾಯಿತು.

ಖರ್ಚು ಹೇಳುವುದಾದರೆ ಕಿಟ್, ಸ್ಪಿಂಡಲ್, ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ, ಲೇತ್ ಕೆಲಸ ಕೆಟ್ಟದ್ದೂ ಸೇರಿ ಆರೇಳು ಸಾವಿರ, ಆ ಮೀಟರ್ ಬೇರೆ. ಐವತ್ತು ದಾಟಿಲ್ಲ. ಮೊದಲು ಲೀಟರಿಗೆ ಆರೋ ಆರೂವರೆಯೋ ಕೊಡುತ್ತಿತ್ತು, ಈಗ ಹೈವೇಯಲ್ಲಿ ಹತ್ತರ ಹತ್ತಿರ. ಬಿಸಿ ಇಂಜಿನ್ ನಿಲ್ಲಿಸಿದರೆ ಫ್ಲೋಟ್ ಬೌಲ್‌ನಲ್ಲಿ (ಕಾರ್ಬ್ ಪಕ್ಕದ ಪೆಟ್ರೋಲ್ ಬಟ್ಟಲು) ಪೆಟ್ರೋಲ್ ಕುದಿಯುವುದು ಇನ್ನೂ ಪೂರ್ತಿ ಹೋಗಿಲ್ಲ. ಎಸ್‌ಪಿ ರೋಡಿನಿಂದ ಅಲ್ಯೂಮಿನಿಯಂ ಶೀಟ್ ತಂದು ಹೀಟ್ ಶೀಲ್ಡ್ ಕತ್ತರಿಸಿಟ್ಟಿದ್ದೇನೆ, ಬೇಸಿಗೆಗೆ ಮುಂಚೆ ಅದನ್ನು ಕೂರಿಸಬೇಕು.