ಹಳೆಯ ಚೌಕಟ್ಟಿನ ಮರದಿಂದ ಕುರ್ಚಿ: ನನ್ನ ಅನುಭವ

ಇದುವರೆಗೆ ನಾನು ಐದು ಕುರ್ಚಿಗಳನ್ನು ಮಾಡಿದ್ದೇನೆ. ಒಂದಕ್ಕೂ ಹೊಸ ಮರ ಕೊಂಡಿಲ್ಲ. ಕೆಡವಿದ ಮನೆಯ ಕಿಟಕಿ ಚೌಕಟ್ಟು, ಸರಕು ಇಳಿಸಿದ ಮೇಲೆ ಎಸೆದ ಪ್ಯಾಲೆಟ್ (ಸರಕು ಪೇರಿಸುವ ಮರದ ಹಲಗೆಯ ಅಟ್ಟಣಿಗೆ), ಕಾಲು ಮುರಿದ ಮಂಚದ ಪಟ್ಟಿ, ಸೈಕಲ್ಲಿನ ಹಳೆಯ ಟ್ಯೂಬು, ಇವಿಷ್ಟೇ ನನ್ನ ಸಾಮಗ್ರಿ. ಮೊದಲನೆಯ ಕುರ್ಚಿ ಎರಡೂವರೆ ತಿಂಗಳಿಗೆ ಮುರಿಯಿತು. ಉಳಿದ ನಾಲ್ಕು ಗಟ್ಟಿಯಾಗಿ ನಿಂತಿವೆ.

ಮೊದಲನೆಯದು ಮುರಿದದ್ದು ಹಿಂಗಾಲಿಗೆ ಆಸನದ ಪಕ್ಕದ ಪಟ್ಟಿ ಬಂದು ಸೇರುವ ಜಾಗದಲ್ಲಿ. ಕೂತವರು ಹಿಂದಕ್ಕೆ ಒರಗಿದಾಗ ಬೆನ್ನಿನ ಭಾಗ ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ಆ ಮೀಟುವ ಬಲವೆಲ್ಲ ಬಂದು ಬೀಳುವುದು ಅದೇ ಕೀಲಿನ ಮೇಲೆ. ನಾನು ಕಾಲಿನ ಮೂಲಕ ಪಟ್ಟಿಯ ತುದಿಗೆ ಎರಡು ಸ್ಕ್ರೂ ಬಿಗಿದು ಕೆಲಸ ಮುಗಿಯಿತೆಂದುಕೊಂಡಿದ್ದೆ. ಪಟ್ಟಿಯ ತುದಿಯಲ್ಲಿ ಮರದ ನಾರು ಸ್ಕ್ರೂವಿನ ಉದ್ದಕ್ಕೇ ಓಡುತ್ತದೆ. ಸ್ಕ್ರೂವಿನ ಎಳೆ ಆ ನಾರನ್ನು ಚೂರುಚೂರಾಗಿ ಕತ್ತರಿಸುತ್ತದೆಯೇ ಹೊರತು ಹಿಡಿದುಕೊಳ್ಳುವುದಿಲ್ಲ. ಮುರಿದ ದಿನ ಆ ಸ್ಕ್ರೂಗಳು ನನ್ನ ಬೆರಳಿಗೇ ಕಿತ್ತು ಬಂದವು.

ಆಮೇಲಿನ ಕುರ್ಚಿಗಳಲ್ಲಿ ಆ ಜಾಗಕ್ಕೆ ಸ್ಕ್ರೂ ಮುಟ್ಟಿಸಿಲ್ಲ. ಕಾಲಿನಲ್ಲಿ ಉಳಿಯಿಂದ ಆಯತಾಕಾರದ ತೂತು ತೋಡುತ್ತೇನೆ, ಪಟ್ಟಿಯ ತುದಿಯನ್ನು ಅದಕ್ಕೆ ಹೊಂದುವ ನಾಲಿಗೆಯಾಗಿ ಕೆತ್ತುತ್ತೇನೆ. ಪಟ್ಟಿ 30 ಮಿಲಿಮೀಟರ್ ದಪ್ಪವಿದ್ದರೆ ನಾಲಿಗೆ 10 ಮಿಲಿಮೀಟರ್, ಅಂದರೆ ಮೂರನೆಯ ಒಂದು ಭಾಗ. ಪಟ್ಟಿಯ ಎತ್ತರ 65 ಮಿಲಿಮೀಟರಿಗೆ ಕಡಿಮೆ ಆಗದಂತೆ ನೋಡಿಕೊಳ್ಳುತ್ತೇನೆ. ಎತ್ತರ ಹೆಚ್ಚಿದಷ್ಟೂ ಕೀಲು ಮೀಟುವ ಬಲವನ್ನು ಚೆನ್ನಾಗಿ ತಡೆಯುತ್ತದೆ. ನಾಲಿಗೆ ಕೈಯ ಒತ್ತಡಕ್ಕೆ ಒಳಗೆ ಹೋಗಬೇಕು, ಆದರೆ ತಾನಾಗಿ ಜಾರಿ ಬೀಳಬಾರದು. ಕೊಡತಿಯಿಂದ ಬಡಿದೇ ಕೂರಿಸಬೇಕಾದಷ್ಟು ಬಿಗಿಯಾದರೆ ಕಾಲು ಸೀಳುತ್ತದೆ, ಸಡಿಲವಾದರೆ ಎಷ್ಟು ಅಂಟು ಸುರಿದರೂ ಪ್ರಯೋಜನವಿಲ್ಲ. ಆಸನದ ಒಳಮೂಲೆಗಳಿಗೆ ತ್ರಿಕೋನದ ಮರದ ತುಂಡು ಕೊಟ್ಟು, ಕಾಲುಗಳ ನಡುವೆ ಕೆಳಗೂ ಒಂದೊಂದು ಅಡ್ಡಪಟ್ಟಿ ಹಾಕಿದ ಮೇಲೆ ಕುರ್ಚಿ ಬೇರೆಯೇ ವಸ್ತುವಾಗುತ್ತದೆ.

ಇಷ್ಟು ಶ್ರಮ ಹಾಕುವ ಮರ ಅದಕ್ಕೆ ತಕ್ಕದ್ದಾಗಿರಬೇಕು. ಪ್ಯಾಲೆಟ್ ಸಿಕ್ಕರೆ ಮೊದಲು ಅದರ ಮೇಲಿನ ಮುದ್ರೆ ಓದುತ್ತೇನೆ. ‘ಎಚ್‌ಟಿ’ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ್ದು. ಸಾಮಾನ್ಯವಾಗಿ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಹಾಗೇ ಇದ್ದಿರಬೇಕು ಎಂಬುದು ನಿಯಮ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕೊಟ್ಟದ್ದು, ಅದನ್ನು ಮನೆಯೊಳಗೆ ತರುವುದಿಲ್ಲ. ಎಣ್ಣೆಯ ಕಲೆ ಅಥವಾ ಕಟು ವಾಸನೆ ಇರುವುದನ್ನೂ ಬಿಟ್ಟುಬಿಡುತ್ತೇನೆ. ಕಿಟಕಿ ಚೌಕಟ್ಟುಗಳ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣದಾಗಿ ಉಜ್ಜಿ ದೂಳೆಬ್ಬಿಸಬಾರದು. ಅಂಥ ಮರವನ್ನು ನಾನು ಆರಿಸುವುದೇ ಇಲ್ಲ. ಎಂದೂ ಬಣ್ಣ ಬಳಿಯದ, ಬರಿ ಎಣ್ಣೆ ಕುಡಿದ ಚೌಕಟ್ಟುಗಳನ್ನೇ ಹುಡುಕುತ್ತೇನೆ.

ಪ್ಯಾಲೆಟ್ಟಿನ ಮೊಳೆಗೆ ಸುತ್ತಲೂ ಏಣುಗಳಿರುತ್ತವೆ. ಮೀಟಿ ಕೀಳಲು ಹೋದರೆ ಹಲಗೆ ಸೀಳುವುದೇ ಹೆಚ್ಚು. ಎರಡು ಮರಗಳ ಸಂದಿಗೆ ಕಬ್ಬಿಣ ಕೊಯ್ಯುವ ಗರಗಸದ ಅಲಗು ತೂರಿಸಿ ಮೊಳೆಯನ್ನೇ ಕತ್ತರಿಸುವುದು ನಿಧಾನ, ಆದರೆ ಹಲಗೆ ಉಳಿಯುತ್ತದೆ. ಕೀಸುಳಿ ಹಿಡಿಯುವ ಮೊದಲು ಮರದ ಮೇಲೆಲ್ಲ ಒಂದು ಅಯಸ್ಕಾಂತ ಓಡಿಸುತ್ತೇನೆ. ಮುರಿದು ಒಳಗೇ ಉಳಿದ ಒಂದು ಮೊಳೆ ಸಾಕು, ಹದ ಮಾಡಿದ ಅಲಗು ಹಾಳಾಗಲು.

ಅಳತೆಯನ್ನು ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೆಗೆದದ್ದಲ್ಲ. ನನ್ನ ಮೈಗೆ ಒಗ್ಗಿದ ಒಂದು ಕುರ್ಚಿಯನ್ನು ಅಳೆದೆ. ಆಸನದ ಮುಂದಿನ ಅಂಚು ನೆಲದಿಂದ 44 ಸೆಂಟಿಮೀಟರ್, ಹಿಂದಿನ ಅಂಚು 42. ಆಸನದ ಆಳ 41. ಬೆನ್ನು ನೆಟ್ಟಗಿನಿಂದ ಸುಮಾರು 12 ಡಿಗ್ರಿ ಹಿಂದಕ್ಕೆ. ಆಳ ಹೆಚ್ಚಾದರೆ ಮುಂದಿನ ಅಂಚು ಮೊಣಕಾಲಿನ ಹಿಂಭಾಗವನ್ನು ಒತ್ತುತ್ತದೆ. ಕುಳ್ಳಗಿನವರಿಗೆ ಮಾಡುವಾಗ ಇದನ್ನು ಮೊದಲು ನೋಡಬೇಕು. ಬೆನ್ನಿನ ಬಾಗಿಗಾಗಿ ಕಾಲನ್ನೇ ವಕ್ರವಾಗಿ ಕೊಯ್ದರೆ ಬಾಗಿದ ಕಡೆ ನಾರು ಅಡ್ಡಲಾಗಿ ತುಂಡಾಗಿ ಮರ ದುರ್ಬಲವಾಗುತ್ತದೆ. ಹಾಗಾಗಿ ನಾನು ಹಿಂಗಾಲನ್ನು ನೇರವಾಗಿಯೇ ಉಳಿಸಿಕೊಂಡು, ಬೆನ್ನಿಗೆ ತಾಗುವ ಎರಡು ಅಡ್ಡಪಟ್ಟಿಗಳಲ್ಲಿ ಕೆಳಗಿನದನ್ನು ಕಾಲಿನ ಮುಂಭಾಗಕ್ಕೂ ಮೇಲಿನದನ್ನು ಹಿಂಭಾಗಕ್ಕೂ ಸರಿಸಿ ಕೂರಿಸುತ್ತೇನೆ. ಪೂರ್ತಿ 12 ಡಿಗ್ರಿ ಬರುವುದಿಲ್ಲ, ಆದರೂ ಬೆನ್ನಿಗೆ ಆಸರೆ ಸಿಗುತ್ತದೆ.

ಹಳೆಯ ಮರ ತನ್ನ ಗುರುತುಗಳನ್ನು ಹೊತ್ತೇ ಬರುತ್ತದೆ. ಮೂರನೆಯ ಕುರ್ಚಿಗೆ ಆರಿಸಿದ ಚೌಕಟ್ಟಿನಲ್ಲಿ ಕಿಟಕಿಯ ಬಾಗಿಲು ತಿರುಗುವ ಹಿಂಜು ಕೂತಿದ್ದ ಹಳ್ಳ ನಾನು ತೂತು ತೋಡಬೇಕಾದ ಜಾಗಕ್ಕೇ ಬಂತು. ಮರವನ್ನು ತಲೆಕೆಳಗು ಮಾಡಿದೆ. ಹಳ್ಳ ಬೆನ್ನಿನ ಎತ್ತರಕ್ಕೆ ಹೋಯಿತು. ಅದನ್ನು ಮುಚ್ಚಲಿಲ್ಲ. ಕುರ್ಚಿ ಎತ್ತುವಾಗ ಹೆಬ್ಬೆರಳು ಅಲ್ಲಿಯೇ ಹೋಗಿ ಕೂರುತ್ತದೆ, ಅದು ನನಗೆ ತುಂಬ ಇಷ್ಟ.

ಆಸನಕ್ಕೆ ಸೈಕಲ್ ಟ್ಯೂಬು. ವಾಲ್ವಿನ ಭಾಗ ಕತ್ತರಿಸಿ ತೆಗೆದು, ಒಳಗಿನ ಬಿಳಿ ಪುಡಿ ಹೋಗುವಂತೆ ಸೋಪಿನ ನೀರಿನಲ್ಲಿ ಎರಡು ಸಲ ತೊಳೆಯಬೇಕು. ಇಲ್ಲವಾದರೆ ಬಟ್ಟೆಗೆ ಆ ಪುಡಿಯೂ ರಬ್ಬರಿನ ಕಪ್ಪೂ ಹತ್ತುತ್ತವೆ. ಚಪ್ಪಟೆ ಮಾಡಿ, ಉದ್ದಕ್ಕೂ ಅಗಲಕ್ಕೂ ಒಂದು ಮೇಲೆ ಒಂದು ಕೆಳಗೆ ಎಂದು ಹೆಣೆಯುತ್ತೇನೆ. ತುದಿಗಳಿಗೆ ವಾಷರ್ ಇಟ್ಟು ಪಟ್ಟಿಯ ಒಳಬದಿಗೆ ಬಿಗಿಯುತ್ತೇನೆ, ಬರಿ ಮೊಳೆ ಹೊಡೆದರೆ ರಬ್ಬರು ಹರಿಯುತ್ತದೆ. ಅತಿಯಾಗಿ ಎಳೆಯಬೇಡಿ. ಎರಡನೆಯ ಕುರ್ಚಿಯಲ್ಲಿ ಪ್ರತಿ ಎಳೆಯನ್ನೂ ಕೈಲಾದಷ್ಟು ಎಳೆದೆ. ಎಲ್ಲ ಸೇರಿ ಮುಂದಿನ ಪಟ್ಟಿಯನ್ನೇ ಒಳಕ್ಕೆ ಬಾಗಿಸಿದವು. ಈಗಲೂ ಅದು ಬಾಗಿಯೇ ಇದೆ.

ಕುಂಟುವ ಕಾಲನ್ನು ಕಣ್ಣಂದಾಜಿನಲ್ಲಿ ಕತ್ತರಿಸುವುದಿಲ್ಲ. ಸಮತಟ್ಟಾದ ನೆಲದಲ್ಲಿಟ್ಟು, ಗಿಡ್ಡಗಿರುವ ಕಾಲಿನಡಿ ಚಕ್ಕೆ ಕೊಟ್ಟು ನಿಲ್ಲಿಸಿ, ಒಂದೇ ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದು ಕೊಯ್ಯುತ್ತೇನೆ. ಕೊನೆಗೆ ಅಗಸೆ ಎಣ್ಣೆಯ ತೆಳುವಾದ ಎರಡು ಲೇಪ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಹರಡಬೇಕು.

ಎಣ್ಣೆ ಒಣಗಿದ ಮೇಲೆ ಒಂದು ವಾರ ಆ ಕುರ್ಚಿಯಲ್ಲಿ ನಾನೊಬ್ಬನೇ ಕೂರುತ್ತೇನೆ. ದಿನಾ ಪೂರ್ತಿ ಭಾರ ಹಾಕಿ ಹಿಂದಕ್ಕೆ ಒರಗಿ, ಆ ಹಿಂಗಾಲಿನ ಕೀಲಿಗೆ ಕಿವಿ ಕೊಡುತ್ತೇನೆ. ಅಲ್ಲಿಂದ ಕಿರ್ ಎಂಬ ಸದ್ದು ಒಮ್ಮೆಯೂ ಬಾರದಿದ್ದರೆ ಮಾತ್ರ ಬೇರೆಯವರನ್ನು ಕೂರಿಸುತ್ತೇನೆ.