ನೆರಳಿನ ಉದ್ದ ನೋಡಿ ಹೊರಡಿ

ಮಲ್ಪೆಯ ಕಡಲತೀರದಲ್ಲಿ ಬಿಸಿಲಿನ ಪೆಟ್ಟು ತಡವಾಗಿ ತಿಳಿಯುತ್ತದೆ. ಗಾಳಿ ಬೆವರನ್ನು ಆರಿಸುತ್ತಿರುವುದರಿಂದ ಸೆಕೆ ಅನಿಸುವುದಿಲ್ಲ. ಚರ್ಮವನ್ನು ಕೆಂಪಾಗಿಸುವ ನೇರಳಾತೀತ (ಯುವಿ) ಕಿರಣಗಳನ್ನಂತೂ ಮೈ ಶಾಖವಾಗಿ ಗುರುತಿಸುವುದೇ ಇಲ್ಲ. ಆದ್ದರಿಂದ ಸೆಕೆಯನ್ನು ನಂಬದೆ ನೆರಳನ್ನು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ಪ್ರಬಲವಾಗಿವೆ ಎಂದೇ ತಿಳಿಯಬೇಕು.

ಭಾರತದ ಗಡಿಯಾರಕ್ಕೆ ಆಧಾರವಾದ ರೇಖಾಂಶಕ್ಕಿಂತ ನಮ್ಮ ಕರಾವಳಿ ಬಹಳ ಪಶ್ಚಿಮದಲ್ಲಿರುವ ಕಾರಣ, ಮಂಗಳೂರಿನಲ್ಲಿ ಸೂರ್ಯ ನೆತ್ತಿಗೇರುವುದು ಹನ್ನೆರಡಕ್ಕಲ್ಲ, ಸುಮಾರು 12.30ಕ್ಕೆ. ಹಾಗಾಗಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಎಚ್ಚರ ಅಗತ್ಯ. ವರ್ಷಕ್ಕೆರಡು ಬಾರಿ, ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ಮಧ್ಯದಲ್ಲೂ, ಸೂರ್ಯ ಇಲ್ಲಿ ಸರಿಯಾಗಿ ತಲೆಯ ಮೇಲೆಯೇ ಬರುತ್ತಾನೆ. ಆಗಸ್ಟಿನಲ್ಲಿ ಮೋಡವಿದೆಯೆಂದು ಮೈಮರೆಯಬಾರದು. ತೆಳುಮೋಡ ಈ ಕಿರಣಗಳ ಹೆಚ್ಚಿನ ಪಾಲನ್ನು ಕೆಳಗೆ ಬಿಡುತ್ತದೆ.

ಮೊದಲ ರಕ್ಷಣೆ ಬಟ್ಟೆಯೇ ಹೊರತು ಕ್ರೀಮ್ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಆಕಾಶ ಕಾಣುವಂತಿದ್ದರೆ ಅದು ಸಾಲದು. ಒದ್ದೆಯಾದ ತೆಳು ಬಿಳಿ ಹತ್ತಿ ಅಂಗಿಯಂತೂ ಒಣಗಿದ್ದಾಗ ಕೊಡುವಷ್ಟು ಆಸರೆಯನ್ನೂ ಕೊಡುವುದಿಲ್ಲ. ತೋಟದ ಕೆಲಸಕ್ಕೆ ಧರಿಸುವ ಅಡಿಕೆ ಹಾಳೆಯ ಮುಟ್ಟಾಳೆ ನೆತ್ತಿಯನ್ನು ಚೆನ್ನಾಗಿ ಕಾಯುತ್ತದೆಯಾದರೂ ಅದಕ್ಕೆ ಅಗಲವಾದ ಅಂಚಿಲ್ಲದ ಕಾರಣ ಕಿವಿಯೂ ಕತ್ತಿನ ಹಿಂಭಾಗವೂ ಬಿಸಿಲಿಗೇ ಉಳಿಯುತ್ತವೆ. ಅದರ ಕೆಳಗೆ ಒಂದು ಬೈರಾಸನ್ನು ಹೆಗಲವರೆಗೆ ಇಳಿಬಿಟ್ಟರೆ ಆ ಕೊರತೆ ನೀಗುತ್ತದೆ.

ಬಟ್ಟೆ ಮುಚ್ಚದ ಭಾಗಕ್ಕೆ ಎಸ್‌ಪಿಎಫ್ (ಬಿಸಿಲಿನ ಸುಡುವಿಕೆಯಿಂದ ಸಿಗುವ ರಕ್ಷಣೆಯ ಅಳತೆ) 30 ಅಥವಾ ಹೆಚ್ಚಿನ, ಚರ್ಮದ ಆಳಕ್ಕಿಳಿಯುವ ಯುವಿಎ ಕಿರಣಗಳನ್ನೂ ತಡೆಯುವ ಸನ್‌ಸ್ಕ್ರೀನ್ ಬೇಕು. ಎಸ್‌ಪಿಎಫ್ 30 ಸುಮಾರು 97 ಶೇಕಡಾ ಯುವಿಬಿ (ಮುಖ್ಯವಾಗಿ ಚರ್ಮವನ್ನು ಸುಡುವ) ಕಿರಣಗಳನ್ನು ತಡೆಯುತ್ತದೆ, 50 ತಡೆಯುವುದು 98ರಷ್ಟನ್ನು. ದೊಡ್ಡ ಸಂಖ್ಯೆಗೆ ಹಣ ಸುರಿಯುವುದಕ್ಕಿಂತ ಸಾಕಷ್ಟು ಹಚ್ಚುವುದು ಮುಖ್ಯ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದರೆ ಮುಖಕ್ಕೂ ಕತ್ತಿಗೂ ಆಗುವಷ್ಟಾಯಿತು. ಹೊರಡುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು; ಸಮುದ್ರಸ್ನಾನ ಮಾಡಿ ಮೈ ಒರೆಸಿಕೊಂಡರೆ ಗಂಟೆ ಎಣಿಸದೆ ಕೂಡಲೇ ಹಚ್ಚಬೇಕು. ಆರು ತಿಂಗಳೊಳಗಿನ ಕೂಸುಗಳಿಗೆ ನೆರಳು, ಬಟ್ಟೆಗಳೇ ಸೂಕ್ತ.

ಕಣ್ಣಿಗೆ ಯುವಿ 400 ಎಂದು ನಮೂದಿಸಿದ ಕನ್ನಡಕವಿರಲಿ. ದೋಣಿಯಲ್ಲಿ ದುಡಿಯುವವರಿಗೆ ಇದು ಶೋಕಿಯಲ್ಲ, ವರ್ಷಗಟ್ಟಲೆಯ ಬಿಸಿಲು ಕಣ್ಣಿನ ಪೊರೆಗೂ ಕಾರಣವಾಗುತ್ತದೆ.

ಕಾರಿನ ಪಕ್ಕದ ಗಾಜು ಯುವಿಬಿಯನ್ನು ತಡೆದರೂ ಯುವಿಎಯನ್ನು ಬಹುಮಟ್ಟಿಗೆ ಒಳಬಿಡುತ್ತದೆ. ಮಧ್ಯಾಹ್ನದ ಮೇಲೆ ಉಡುಪಿಯಿಂದ ಮಂಗಳೂರಿಗೆ ಹೊರಟ ಚಾಲಕರ ಬಲಗೈ ದಾರಿಯುದ್ದಕ್ಕೂ ಪಡುವಣ ಬಿಸಿಲಿಗೇ ಒಡ್ಡಿಕೊಂಡಿರುವುದರಿಂದ, ಅಂಥವರು ತುಂಬುತೋಳಿನ ಅಂಗಿ ತೊಟ್ಟೇ ಹೊರಡುವುದು ಲೇಸು.